ದ್ರಾಕ್ಷಿಯ ಬೆಟ್ಟದಿಂದ ಶಿಂಷೆಯ ಬೆಟ್ಟಕ್ಕೆ

ವಾರಾಂತ್ಯದಲ್ಲಿ ಬೆಂಗಳೂರು ಬಿಟ್ಟು ಉತ್ತರಕ್ಕೆ ಹೊರಡುವ ಕಾರುಗಳಲ್ಲಿ ಎರಡು ಬಗೆ. ಮೊದಲ ಬಗೆಯವು ನಸುಕಿನಲ್ಲೇ ನಂದಿಬೆಟ್ಟದ ಗೇಟಿನ ಮುಂದೆ ಸಾಲುಗಟ್ಟುತ್ತವೆ. ಮೋಡ ನೋಡಿ, ಫೋಟೊ ತೆಗೆದು, ಬಿಸಿಲೇರುವ ಮುಂಚೆಯೇ ಇಳಿದುಬಿಡುತ್ತವೆ. ಎರಡನೆಯ ಬಗೆಯವು ಸಾವಕಾಶವಾಗಿ ತಿಂಡಿ ಮುಗಿಸಿ ಹೊರಟು, ದೊಡ್ಡಬಳ್ಳಾಪುರದ ರಘುನಾಥಪುರದ ಬಳಿ ದ್ರಾಕ್ಷಿ ತೋಟದ ಗೇಟಿನತ್ತ ತಿರುಗುತ್ತವೆ. ಇವರು ಬಂದಿರುವುದು ಬೆಟ್ಟ ಹತ್ತಲಿಕ್ಕಲ್ಲ, ಬೆಟ್ಟದ ಬುಡದ ಮಣ್ಣಿನ ರುಚಿ ನೋಡಲಿಕ್ಕೆ.

ಒಳಗೆ ಅರ್ಧ ಪಾಠ, ಅರ್ಧ ಆಟ. ಮೊದಲು ತೋಟದಲ್ಲೊಂದು ಸುತ್ತು. ತಂತಿಗೆ ಹಬ್ಬಿಸಿದ ಬಳ್ಳಿಗಳ ಸಾಲು, ಬುಡದಲ್ಲಿ ಹನಿ ನೀರಾವರಿಯ ಪೈಪು. ಆಮೇಲೆ ತಣ್ಣನೆಯ ಶೆಡ್ಡು. ಅಲ್ಲಿ ಆಳೆತ್ತರ ಮೀರಿದ ಸ್ಟೀಲ್ ಟ್ಯಾಂಕುಗಳು, ಅವುಗಳಾಚೆ ಓಕ್ ಮರದ ಪೀಪಾಯಿಗಳು. ಕೊನೆಗೆ ಉದ್ದನೆಯ ಮೇಜು, ಬಿಳಿ ವೈನಿನಿಂದ ಶುರುವಾಗಿ ಕೆಂಪಿನಲ್ಲಿ ಮುಗಿಯುವ ಸರದಿ. ಗ್ಲಾಸು ತಿರುಗಿಸಬೇಕು, ಮೂಗಿಗೆ ಹಿಡಿಯಬೇಕು, ಗುಟುಕನ್ನು ನಾಲಗೆಯ ಮೇಲೆ ಆಡಿಸಬೇಕು. ನುಂಗಲು ಇಷ್ಟವಿಲ್ಲದವರಿಗೆ ಉಗುಳಲು ಪಾತ್ರೆಯೂ ಇರುತ್ತದೆ. ದುಡ್ಡು ಕೊಟ್ಟು ಬಾಯಿಗೆ ಹಾಕಿಕೊಂಡದ್ದನ್ನು ಉಗುಳುವುದು ಹೇಗೆ ಎಂಬ ಸಂಕೋಚದಲ್ಲಿ ನಮ್ಮ ಜನ ನುಂಗುವುದೇ ಹೆಚ್ಚು.

ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಚಪ್ಪರಗಳಲ್ಲಿ ತೂಗುವ ಕಪ್ಪು ‘ಬೆಂಗಳೂರು ಬ್ಲೂ’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೇ ಇದೆ. ಹೊಸದಾಗಿ ಬಂದದ್ದು ಫ್ರಾನ್ಸಿನ ತಳಿಗಳು. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರೆಂಚ್ ತಜ್ಞರನ್ನು ಕರೆಸಿ, ದೇಶದ ಹಲವು ಕಡೆ ಪ್ರಯೋಗ ಮಾಡಿ, ಕೊನೆಗೆ ಆರಿಸಿಕೊಂಡದ್ದು ನಂದಿಯ ತಪ್ಪಲನ್ನು. 1988ರಲ್ಲಿ ಇಲ್ಲಿ ಗ್ರೋವರ್ ತೋಟ ಶುರುವಾಯಿತು. ತೊಂಬತ್ತರ ದಶಕದ ನಡುವಿನಲ್ಲಿ ಬೋರ್ಡೊ ಸೀಮೆಯ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾನ್ ಸಲಹೆಗಾರರಾದರು. 2012ರಲ್ಲಿ ನಾಸಿಕ್ ಕಡೆಯ ಜಂಪಾ ವೈನರಿ ಜೊತೆಗೂಡಿತು.

ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅಂಥ ಚಳಿಯೇ ಇಲ್ಲ, ಹಾಗಾಗಿ ಬಳ್ಳಿಗೆ ನಿದ್ದೆಯೂ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ ಆಡಿಸುತ್ತಾರೆ. ಬೇಸಿಗೆಯ ಕತ್ತರಿ ಕಡ್ಡಿ ಬಲಿಯಲಿಕ್ಕೆ, ಮಳೆಗಾಲ ಹಿಂದಾಗುವಾಗಿನದು ಹಣ್ಣು ಬಿಡಲಿಕ್ಕೆ. ಕತ್ತರಿ ಎರಡಾದರೂ ವೈನಿಗೆ ತೆಗೆದುಕೊಳ್ಳುವ ಬೆಳೆ ಒಂದೇ. ಸಮುದ್ರ ಮಟ್ಟದಿಂದ ಒಂಬೈನೂರು ಮೀಟರ್ ಆಸುಪಾಸಿನ ಎತ್ತರ, ತಂಪು ರಾತ್ರಿ, ಬಸಿಯುವ ಕೆಂಪು ಮಣ್ಣು ಇರುವುದರಿಂದ ಈ ಲೆಕ್ಕಾಚಾರ ಇಲ್ಲಿ ಕೂಡಿಬಂದಿದೆ.

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿಯನ್ನೂ ರಚಿಸಿತು. ಅದೇ ವರ್ಷದ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂತು. ಬಡವರ ಪಾಕೀಟಿಗೆ ಬಾಗಿಲು ಮುಚ್ಚಿದ ವರ್ಷವೇ ಗಾಜಿನ ಬಟ್ಟಲಿಗೆ ಬಾಗಿಲು ತೆರೆಯಿತು ಎಂದು ಆಡಿಕೊಂಡವರಿದ್ದಾರೆ. ಆದರೆ ವೈನ್ ನೀತಿಯ ಹಿಂದಿನ ಒಂದು ಯೋಚನೆಯನ್ನು ತಳ್ಳಿಹಾಕುವಂತಿಲ್ಲ. ರೈತ ಬೆಳೆದದ್ದು ಅವನ ತೋಟದ ಹತ್ತಿರವೇ ಸಂಸ್ಕರಣೆಯಾಗಬೇಕು, ಕೊಳ್ಳುವವನು ಅಲ್ಲಿಗೇ ಬರಬೇಕು ಎಂಬ ಯೋಚನೆ ಅದು. ನಾಸಿಕ್‌ನಲ್ಲಿ ಸುಲಾ ವೈನರಿ 2005ರಲ್ಲಿ ತೋಟದೊಳಗೇ ರುಚಿ ನೋಡುವ ಕೋಣೆ ತೆರೆದ ಮೇಲೆ ಒಂದು ಊರಿನ ಪ್ರವಾಸೋದ್ಯಮವೇ ಮಗ್ಗುಲು ಬದಲಿಸಿತ್ತು.

ಬತ್ತಿದ ನದಿಯ ತಲೆಯಲ್ಲಿ

ಮೇಜಿನ ಸುತ್ತ ಕೂತವರು ಬಣ್ಣ, ಪರಿಮಳ, ಒಗರು ಎಲ್ಲದರ ಬಗ್ಗೆಯೂ ಪ್ರಶ್ನೆ ಕೇಳುತ್ತಾರೆ. ಕೇಳದೆ ಉಳಿಯುವ ಪ್ರಶ್ನೆ ಒಂದೇ, ನೀರು ಎಲ್ಲಿಂದ ಬರುತ್ತದೆ ಎಂಬುದು.

ನಂದಿಯ ಸುತ್ತಲ ಬೆಟ್ಟಗಳು ನದಿಗಳ ತವರು. ಅರ್ಕಾವತಿ, ಉತ್ತರ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಈ ಸಾಲಿನಿಂದ ಇಳಿದವು. ದೊಡ್ಡಬಳ್ಳಾಪುರದ ಮೂಲಕ ಹರಿಯುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಅಡ್ಡಗಟ್ಟಿ 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಕೊಟ್ಟರು. ಮುಂದೆ ಅದೇ ನದಿಗೆ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಆ ಜಲಾಶಯದಿಂದ ನಗರಕ್ಕೆ ಕುಡಿಯುವ ನೀರು ಹೋಗುವುದು 2012ರಲ್ಲಿ ನಿಂತಿತು. ಕೊಳವೆಬಾವಿಗಳು, ನೀಲಗಿರಿ ತೋಪುಗಳು, ಕೆರೆಗಳ ಜಾಲ ಹರಿದುಹೋದದ್ದು, ಲೇಔಟುಗಳು, ಕಾರ್ಖಾನೆಯ ಕೊಳಚೆ ಎಲ್ಲವೂ ಸೇರಿ ನದಿ ಸೊರಗಿತು. ಇದರಲ್ಲಿ ವೈನ್ ದ್ರಾಕ್ಷಿಯ ಪಾಲು ಸಣ್ಣದು, ಹನಿ ನೀರಾವರಿಯ ಬಳ್ಳಿ ಮಿತವ್ಯಯಿಯೇ ಸರಿ. ಆದರೂ ಗ್ಲಾಸಿನಲ್ಲಿರುವುದು ಬಹುಪಾಲು ಕೊಳವೆಬಾವಿಯ ನೀರು ಎಂಬುದು ಪ್ರವಾಸಿಯ ಗಮನದಲ್ಲಿರಬೇಕಾದ ಸಂಗತಿ.

ಇನ್ನೊಂದು ಆತಂಕ ಜಮೀನಿನದು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತ ಎಕರೆಯ ಬೆಲೆ ದ್ರಾಕ್ಷಿಯ ಕೈಗೆ ಎಟುಕದಷ್ಟು ಮೇಲೇರಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಕೃಷಿ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ 13 ಹಳ್ಳಿಗಳ ರೈತರು ವರ್ಷಗಟ್ಟಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ವೈನ್ ಪ್ರವಾಸಕ್ಕೆ ಜಗತ್ತೇ ಬೆರಳು ಮಾಡಿ ತೋರಿಸುವ ಅಮೆರಿಕದ ನಾಪಾ ಕಣಿವೆ 1968ರಲ್ಲೇ ಕೃಷಿ ಭೂಮಿಯನ್ನು ಮೀಸಲಾಗಿಟ್ಟು, ತೋಟಗಳನ್ನು ತುಂಡು ತುಂಡಾಗಿ ಒಡೆಯುವುದಕ್ಕೆ ಕಡಿವಾಣ ಹಾಕಿಕೊಂಡಿತ್ತು. ಅಲ್ಲಿ ಇಂದು ಬಳ್ಳಿಗಳ ಸಾಲು ಕಾಣುತ್ತಿರುವುದು ಆ ಕಟ್ಟುಪಾಡಿನಿಂದ. ನಮ್ಮಲ್ಲಿ ಅಂಥ ರಕ್ಷಣೆಯನ್ನು ರೈತರು ಬಿಸಿಲಲ್ಲಿ ಕೂತು ಪಡೆಯಬೇಕಾಯಿತು.

ದುರ್ಗದಿಂದ ದುರ್ಗಕ್ಕೆ

ದ್ರಾಕ್ಷಿ ತೋಟಗಳಿಂದ ಸ್ವಲ್ಪ ದೂರದಲ್ಲೇ ಮಾಕಳಿದುರ್ಗದ ಬಂಡೆ ಎದ್ದು ನಿಂತಿದೆ. ಬೆಂಗಳೂರನ್ನು ಸುತ್ತುವರಿದ ನವದುರ್ಗಗಳಲ್ಲಿ ಅದೂ ಒಂದು. ನಂದಿ, ಮಾಕಳಿ, ಚನ್ನರಾಯನದುರ್ಗ, ದೇವರಾಯನದುರ್ಗ, ಕಬ್ಬಾಳದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ, ಸಾವನದುರ್ಗ. ಒಂದರ ನೆತ್ತಿಯಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಇನ್ನೊಂದು ಮಸುಕಾಗಿ ಕಾಣುತ್ತದೆ. ಕಾವಲುಗಾರರು ಕಟ್ಟಿಕೊಂಡ ಈ ಸರಪಳಿಯನ್ನೇ ಹಿಡಿದು ಪಡುವಣಕ್ಕೆ ಹೊರಟರೆ, ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆ, ಅಲ್ಲಿಂದ ಊರ್ಡಿಗೆರೆ, ಆಮೇಲೆ ಕಾಡಿನ ತಿರುವುಗಳು. ಅಷ್ಟರಲ್ಲಿ ದ್ರಾಕ್ಷಿ ಹಿಂದೆ ಬಿದ್ದು, ಹುಣಸೆ, ಹಲಸು, ತೆಂಗು ಎದುರಾಗುತ್ತವೆ.

ತುಮಕೂರು ನಗರದಿಂದ ಸುಮಾರು 15 ಕಿಲೋಮೀಟರ್ ದೂರದ ದೇವರಾಯನದುರ್ಗ ಸುಮಾರು 1,200 ಮೀಟರ್ ಎತ್ತರದ ಗಿರಿ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಈ ಹೆಸರು ಬಂತು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಫಾಲ್ಗುಣದ ತೇರಿಗೆ ಇಡೀ ಜಿಲ್ಲೆಯೇ ಬಂದು ಸೇರುತ್ತದೆ. ಬಂಡೆಗಳ ನಡುವಿನ ಕುರುಚಲಲ್ಲಿ ಹಳದಿ ಕೊರಳಿನ ಬುಲ್‌ಬುಲ್ ಎಂಬ ಅಪರೂಪದ ಪಿಕಳಾರ ಹಕ್ಕಿ ಇದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇರದ ಈ ಹಕ್ಕಿಗಾಗಿ ದೂರದಿಂದ ಪಕ್ಷಿಪ್ರೇಮಿಗಳು ಬರುತ್ತಾರೆ. ಕಾಡಿನಲ್ಲಿ ಚಿರತೆ, ಕರಡಿಯೂ ಇವೆ. ರಸ್ತೆ ಬದಿಯಲ್ಲಿ ಮಾತ್ರ ಕೋತಿಗಳದೇ ರಾಜ್ಯ. ಕಾರಿನ ಕಿಟಕಿಯಿಂದ ಚಿಪ್ಸ್ ಪಾಕೀಟು ಚಾಚಿ ಅವುಗಳಿಗೆ ದುಶ್ಚಟ ಕಲಿಸಿದವರು ಪ್ರವಾಸಿಗರೇ. ಬೇಸಿಗೆಯಲ್ಲಿ ಇಲ್ಲಿನ ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು, ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ.

ಬೆಟ್ಟದ ಬುಡದಲ್ಲಿ ನಾಮದ ಚಿಲುಮೆ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಹಚ್ಚಿಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟನಂತೆ, ನೀರು ಉಕ್ಕಿತಂತೆ. ಬಂಡೆಯ ಸಣ್ಣ ಗುಳಿಯಲ್ಲಿ ಜಿನುಗುವ ಆ ನೀರನ್ನು ಮಕ್ಕಳು ಕೈಯದ್ದಿ ನೋಡುತ್ತಾರೆ. ಜಯಮಂಗಲಿ ಈ ಬೆಟ್ಟದ ಒಂದು ಮಗ್ಗುಲಿಂದ ಉತ್ತರಕ್ಕೆ ಹೊರಟು ಪಿನಾಕಿನಿಯನ್ನು ಸೇರುತ್ತಾಳೆ. ಶಿಂಷೆ ಇನ್ನೊಂದು ಮಗ್ಗುಲಿಂದ ದಕ್ಷಿಣಕ್ಕೆ ಹೊರಟು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳನ್ನು ಹಾದು, ಸುಮಾರು 220 ಕಿಲೋಮೀಟರ್ ಹರಿದು ಕಾವೇರಿಯನ್ನು ಕೂಡುತ್ತಾಳೆ. ಹೀಗೆ ಒಂದೇ ಗಿರಿಯ ನೀರು ಎರಡು ಕಣಿವೆಗಳಿಗೆ ಹಂಚಿಹೋಗುತ್ತದೆ. ಅರ್ಕಾವತಿಯ ಗತಿ ಕಂಡವರಿಗೆ ಈ ಕಾಡಿನ ಬೆಲೆ ಬೇರೆ ಹೇಳಬೇಕಿಲ್ಲ.

ಇಲ್ಲಿ ವೈನರಿಯ ಕನಸು ಕಾಣುವವರು ಒಂದು ಗಳಿಗೆ ಕ್ಯಾತ್ಸಂದ್ರದ ಕಡೆ ನೋಡಬೇಕು. ಅಲ್ಲಿ ಸಿದ್ಧಗಂಗೆಯ ಬೆಟ್ಟ, ಅದರಡಿ ಮಠ. 2019ರ ಜನವರಿಯಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ನೆಲ ಅದು. ಈ ಸೀಮೆಯ ಆತಿಥ್ಯ ದಾಸೋಹದ್ದು. ಪಂಕ್ತಿಯಲ್ಲಿ ಕೂತು ಮುದ್ದೆ ಉಣ್ಣುವುದು. ಕ್ಯಾತ್ಸಂದ್ರದ ಹೋಟೆಲುಗಳ ತಟ್ಟೆ ಇಡ್ಲಿಗೂ ಅದೇ ಧಾರಾಳ. ಅಂಗೈ ಅಗಲ ಮೀರಿದ ಇಡ್ಲಿ, ಮೇಲೆ ಕರಗುವ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಅದನ್ನು ಡಬ್ಬಿಗೆ ಕಟ್ಟಿಸಿಕೊಂಡು ಬೆಂಗಳೂರಿಗೆ ಒಯ್ದರೆ ಅರ್ಧ ರುಚಿ ದಾರಿಯಲ್ಲೇ ಸೋರಿಹೋಗುತ್ತದೆ. ಕೂತಲ್ಲೇ ತಿನ್ನಬೇಕು.

ಕೂತಲ್ಲೇ ತಿನ್ನಬೇಕಾದ, ನಿಂತಲ್ಲೇ ಕುಡಿಯಬೇಕಾದ ಪದಾರ್ಥಗಳು ಈ ಜಿಲ್ಲೆಯಲ್ಲಿ ಒಂದೆರಡಲ್ಲ. ಪ್ರವಾಸೋದ್ಯಮದ ಲೆಕ್ಕದಲ್ಲಿ ಅದು ಕೊರತೆಯಲ್ಲ, ಬಂಡವಾಳ. ವೈನ್ ಬಾಟಲಿ ಹಡಗು ಹತ್ತಿ ಕುಡಿಯುವವನ ಮನೆಗೇ ಹೋಗುತ್ತದೆ. ತುಮಕೂರಿನ ರುಚಿಗಳಲ್ಲಿ ಹಲವು ಹಾಗೆ ಹೋಗಲಾರವು, ತಿನ್ನುವವನೇ ಬರಬೇಕು. ಅದಕ್ಕೆ ಒಳ್ಳೆಯ ಸಾಕ್ಷಿ ಗುಬ್ಬಿಯಲ್ಲಿದೆ.

ಗುಬ್ಬಿ: ಹಲಸು ಮತ್ತು ಹೊಂಬಾಳೆ

ಗುಬ್ಬಿ ಎಂದೊಡನೆ ನಾಟಕ ನೆನಪಾಗುತ್ತದೆ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನುದ್ದಗಲ ತಿರುಗಿತು. ಊರು ಬಿಟ್ಟು ಊರೂರಿಗೆ ಹೋಗಿ ಹೆಸರಾದದ್ದು ಆ ಕಂಪನಿ. ಇದೇ ತಾಲ್ಲೂಕಿನ ಚೇಳೂರಿನದು ಇದಕ್ಕೆ ತಿರುವುಮುರುವಾದ ಕಥೆ. ಅಲ್ಲಿಗೆ ಜನರೇ ಬರುತ್ತಾರೆ.

ಬೇಸಿಗೆ ಮುಗಿದು ಮುಂಗಾರು ಹಿಡಿಯುವ ಹೊತ್ತಿಗೆ ಚೇಳೂರಿನ ಹಲಸಿನ ಸಂತೆ ಕಟ್ಟುತ್ತದೆ. ರಾಶಿ ಹಾಕಿದ ಹಣ್ಣುಗಳನ್ನು ವ್ಯಾಪಾರಿಗಳು ಬೆರಳಲ್ಲಿ ತಟ್ಟಿ ಸದ್ದು ಕೇಳಿ ಕೊಳ್ಳುತ್ತಾರೆ, ಲಾರಿಗಳು ತುಂಬಿ ಹೊರಡುತ್ತವೆ. ಹೊಲದ ಬದುವಿನಲ್ಲಿ ತಾನೇ ಬೆಳೆದು ನಿಂತ ಈ ಮರಗಳಿಗೆ ಯಾರೂ ನೀರು ಕಟ್ಟುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಬಹುಕಾಲ ಅವುಗಳಿಗೆ ಬೆಲೆಯೂ ಇರಲಿಲ್ಲ.

ಆ ನೋಟ ಬದಲಾಗಲು ಒಂದು ಮರ ಕಾರಣವಾಯಿತು. ಚೇಳೂರಿನ ಎಸ್.ಕೆ. ಸಿದ್ದಪ್ಪನವರು ನೆಟ್ಟಿದ್ದ ಹಲಸಿನ ಮರದ ತೊಳೆಗಳು ತಾಮ್ರಗೆಂಪು. ಹಣ್ಣು ಚಿಕ್ಕದು, ಸರಾಸರಿ ಎರಡೂವರೆ ಕಿಲೋ. ಒಂದು ಸಂಸಾರ ಒಂದು ಹೊತ್ತಿಗೆ ಮುಗಿಸಬಹುದಾದಷ್ಟು. ತುಮಕೂರಿಗೆ ಅಂಟಿಕೊಂಡಂತಿರುವ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳು ಈ ಹಣ್ಣನ್ನು ಪರೀಕ್ಷಿಸಿ, ಲೈಕೋಪೀನ್ ಅಂಶ ಹೆಚ್ಚಿರುವುದನ್ನು ಕಂಡರು. ನೆಟ್ಟವರ ನೆನಪಿಗೆ ‘ಸಿದ್ದು’ ಎಂದು ಹೆಸರಿಟ್ಟು, 2017ರಲ್ಲಿ ಅವರ ಮಗ ಎಸ್.ಎಸ್. ಪರಮೇಶ ಅವರೊಂದಿಗೆ ಕಸಿ ಗಿಡಗಳ ಮಾರಾಟಕ್ಕೆ ಒಪ್ಪಂದ ಮಾಡಿಕೊಂಡರು. ತಳಿಯ ಒಡೆತನ ಸಂಸ್ಥೆಗೆ ಹೋಗಲಿಲ್ಲ, ಕಂಪನಿಗೂ ಹೋಗಲಿಲ್ಲ. ಮರ ಕಾಪಾಡಿದ ರೈತನ ಮನೆಯಲ್ಲೇ ಉಳಿಯಿತು. ಮರುವರ್ಷಗಳಲ್ಲಿ ಇದೇ ತಾಲ್ಲೂಕಿನ ಇನ್ನೊಂದು ಕೆಂಪು ತೊಳೆಯ ತಳಿ ‘ಶಂಕರ’ ಕೂಡ ಇದೇ ಹಾದಿ ಹಿಡಿಯಿತು.

ವೈನ್ ಪ್ರವಾಸಿ ಬಳ್ಳಿಯ ವಯಸ್ಸು, ಮಣ್ಣಿನ ಬಗೆ, ತೋಟದವನ ಹೆಸರು ಕೇಳಿ ತಿಳಿದುಕೊಂಡು ಹಿಗ್ಗುತ್ತಾನೆ. ಚೇಳೂರಿನ ತಾಯಿಮರದ ಕಥೆಗೆ ಅದರಲ್ಲಿ ಏನು ಕಡಿಮೆ? ಬಿಳಿ, ಹಳದಿ, ಕಿತ್ತಳೆ, ಕೆಂಪು ತೊಳೆಗಳನ್ನು ಸಾಲಾಗಿಟ್ಟು ರುಚಿ ನೋಡಿಸುವ ಒಂದು ಮೇಜು ಹಾಕಲು ಪರವಾನಗಿಯ ರಗಳೆಯೂ ಇಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಲ್ಲಿ ಹಲಸು ಬೆಳೆಗಾರರು ಸಂಘ ಕಟ್ಟಿಕೊಂಡು ತಮ್ಮ ಹಣ್ಣಿಗೆ ಹೆಸರು ತಂದುಕೊಂಡಿದ್ದಾರೆ. ವೈನರಿಗಳ ನೆರೆಯಲ್ಲೇ ನಡೆದ ಕೆಲಸ ಅದು.

ಪರವಾನಗಿಯ ರಗಳೆ ಇರುವುದು ನೀರಾಕ್ಕೆ. ತುಮಕೂರು ರಾಜ್ಯದಲ್ಲೇ ತೆಂಗಿಗೆ ಹೆಸರಾದ ಜಿಲ್ಲೆ. ಗುಬ್ಬಿಯ ಆಚೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ದೇಶಕ್ಕೇ ದರ ಹೇಳುತ್ತದೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದರೆ ಎಳನೀರಿನವ ಮಚ್ಚು ಎತ್ತುವ ಮುಂಚೆ ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತು: “ಗಂಜಿ ಇರೋದು ಕೊಡ್ಲಾ ಅಣ್ಣಾ, ಬರೀ ನೀರಾ?” ಪ್ರವಾಸಿಗೆ ತೆಂಗಿನ ಪರಿಚಯ ಅಲ್ಲಿಗೆ ಮುಗಿಯುತ್ತದೆ. ಅದೇ ಮರ ಕೊಡುವ ಇನ್ನೊಂದು ಪೇಯವನ್ನು ಅವನು ಕಂಡೇ ಇರುವುದಿಲ್ಲ.

ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ತುದಿ ಕೊಯ್ದರೆ ಹನಿಹನಿಯಾಗಿ ಇಳಿಯುವುದು ನೀರಾ. ಇಳಿದ ಗಳಿಗೆಯಲ್ಲಿ ಅದರಲ್ಲಿ ಮದ್ಯಾಂಶವಿಲ್ಲ. ಬರೀ ಸಿಹಿ, ಖನಿಜ, ಸಣ್ಣದೊಂದು ಹೂವಿನ ವಾಸನೆ. ಗಾಳಿಯ ಯೀಸ್ಟ್ ಸೇರಿ ಕೆಲವೇ ತಾಸಿನಲ್ಲಿ ಹುಳಿಯತೊಡಗಿ ಹೆಂಡವಾಗುತ್ತದೆ. ಈ ಗುಣವೇ ಅದಕ್ಕೆ ಮುಳುವಾಯಿತು. ಹೆಂಡಕ್ಕೆ ಹೆದರಿ ಕಾನೂನು ನೀರಾವನ್ನೂ ಅಬಕಾರಿ ಇಲಾಖೆಯ ಕೈಗಿಟ್ಟಿತು. ನುಸಿಪೀಡೆಯಿಂದ ಕಾಯಿ ಕಳೆದುಕೊಂಡ ತೆಂಗು ಬೆಳೆಗಾರರು ನೀರಾ ಇಳಿಸಲು ಅನುಮತಿ ಕೇಳಿ ಬೀದಿಗಿಳಿದಾಗ, 2001ರ ಅಕ್ಟೋಬರ್‌ನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಇಬ್ಬರು ರೈತರು ಸತ್ತರು. ಅದೇ ಚನ್ನಪಟ್ಟಣದ ಹೆದ್ದಾರಿಯಲ್ಲಿ ಇಂದು ವೈನರಿಯ ಫಲಕ ಪ್ರವಾಸಿಗರನ್ನು ಕರೆಯುತ್ತಿದೆ.

ಹುಳಿಯುವ ಸಮಸ್ಯೆಗೆ ಪರಿಹಾರ ಬಂದು ವರ್ಷಗಳಾದವು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಹೊಂಬಾಳೆಯ ತುದಿಗೇ ಸಿಕ್ಕಿಸುವ ಮಂಜುಗಡ್ಡೆಯ ಪೆಟ್ಟಿಗೆ ರೂಪಿಸಿತು. ಅದರಲ್ಲಿ ಇಳಿದ ರಸ ತಣ್ಣಗೇ ಉಳಿದು ಹುಳಿಯುವುದಿಲ್ಲ. ಅದಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟರು. ಅದನ್ನು ಕಾಯಿಸಿದರೆ ಬೆಲ್ಲ, ಸಕ್ಕರೆ. ಕರ್ನಾಟಕವೂ ಮುಂದೆ ತೆಂಗು ಬೆಳೆಗಾರರ ಕಂಪನಿಗಳಿಗೆ ಷರತ್ತಿನ ಮೇಲೆ ಬಾಗಿಲು ತೆರೆಯಿತು. ಹಾಗಿದ್ದರೂ ಗುಬ್ಬಿಯ ತೋಟಗಳ ನಡುವೆ ಹಾದುಹೋಗುವ ಪ್ರವಾಸಿಗೆ ಬೆಳಗಿನ ಒಂದು ಲೋಟ ನೀರಾ ಸುಲಭಕ್ಕೆ ಸಿಗುವಂತಿಲ್ಲ. ಮರದ ಬುಡದಲ್ಲಿ, ಎಳೆಬಿಸಿಲಲ್ಲಿ ಕುಡಿಯಲೆಂದೇ ಇರುವ ಪೇಯ ಅದು. ತೋಟದಲ್ಲಿ ರುಚಿ ನೋಡುವ ಪ್ರವಾಸಕ್ಕೆ ಇದಕ್ಕಿಂತ ಹೊಂದುವ ಪದಾರ್ಥ ಹುಡುಕಿದರೂ ಸಿಗದು.

ಗುಬ್ಬಿಯಲ್ಲಿ ಶಿಂಷೆ ಮತ್ತೆ ಎದುರಾಗುತ್ತದೆ. ಕಡಬದ ದೊಡ್ಡ ಕೆರೆ ಈ ಹೊಳೆಗೇ ಕಟ್ಟಿದ್ದು. ಲಂಕೆಯಿಂದ ಮರಳುವಾಗ ಸೀತೆಯ ಆಸೆಗೆಂದು ರಾಮನೇ ಕಟ್ಟಿಸಿದ ಎಂಬ ಐತಿಹ್ಯ ಹಳೆಯ ಗೆಜೆಟಿಯರಿನಲ್ಲೂ ದಾಖಲಾಗಿದೆ. ಬೆಟ್ಟದಲ್ಲಿ ಬಾಣ, ಬಯಲಲ್ಲಿ ಕೆರೆ; ಎರಡು ಕಡೆಯೂ ಜನ ರಾಮನನ್ನು ನೆನೆದದ್ದು ನೀರಿಗಾಗಿ. ಇಂದು ಈ ಸೀಮೆಯ ಕೆರೆಗಳಿಗೆ ಗೊರೂರಿನ ಹೇಮಾವತಿ ಕಾಲುವೆಯೇ ಆಸರೆ. ಆ ನೀರನ್ನು ಗುಬ್ಬಿಯ ಬಳಿಯಿಂದ ಪೈಪಿನಲ್ಲಿ ನೇರ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2024 ಮತ್ತು 2025ರಲ್ಲಿ ಗುಬ್ಬಿ ಸೀಮೆಯ ರೈತರು ದೊಡ್ಡ ಹೋರಾಟ ನಡೆಸಿದರು. ಕುಣಿಗಲ್‌ನವರು ತಮ್ಮ ಪಾಲಿನ ನೀರು ತಮಗೆ ಬಂದೇ ಇಲ್ಲ ಎನ್ನುತ್ತಾರೆ. ಅಕ್ಕಪಕ್ಕದ ಎರಡು ತಾಲ್ಲೂಕು ನೀರಿಗೆ ಹೀಗೆ ಮುಖಾಮುಖಿಯಾಗಿರುವ ಕಡೆ ಹೊಸ ರೆಸಾರ್ಟಿನ ಈಜುಕೊಳಕ್ಕೋ ಹೊಸ ಬಗೆಯ ನೀರಾವರಿ ತೋಟಕ್ಕೋ ಜಾಗ ಕೇಳುವುದು ನ್ಯಾಯವಲ್ಲ.

ಕುಣಿಗಲ್ ದಾರಿ

ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ರಸ್ತೆ ಅವಸರದವರಿಗೆ ಒಂದು ತಾಸಿನ ದಾರಿ, ಸಾವಧಾನ ಇದ್ದವರಿಗೆ ಒಂದು ದಿನದ್ದು. ಮೊದಲು ಗೂಳೂರು. ಇಲ್ಲಿನ ಗಣಪತಿ ಭಾರೀ ಗಾತ್ರದವನು, ಕೆರೆಯ ಮಣ್ಣಿನವನು. ಊರಿಗೆಲ್ಲ ಚೌತಿಯಲ್ಲಿ ಗಣಪ ಬಂದರೆ ಗೂಳೂರಿನಲ್ಲಿ ಆಗ ಮಣ್ಣಿನ ಕೆಲಸ ಶುರುವಾಗಿ, ಪೂಜೆ ಆರಂಭವಾಗುವುದು ದೀಪಾವಳಿಯ ಹೊತ್ತಿಗೆ. ಒಂದು ತಿಂಗಳ ಪೂಜೆಯ ನಂತರ ಜಾತ್ರೆ, ಆಮೇಲೆ ಅದೇ ಕೆರೆಗೆ ವಿಸರ್ಜನೆ. ತಂದ ಮಣ್ಣು ತಂದಲ್ಲಿಗೇ ಮರಳುತ್ತದೆ.

ಅಲ್ಲಿಂದ ಒಳದಾರಿಯಲ್ಲಿ ಕೈದಾಳ. ಹೊಯ್ಸಳರ ಸಾಮಂತ ಗೂಳಿ ಬಾಚಿದೇವ 12ನೇ ಶತಮಾನದ ನಡುವಿನಲ್ಲಿ ಕಟ್ಟಿಸಿದ ಚನ್ನಕೇಶವ ದೇಗುಲ, ಜಕಣಾಚಾರಿ ಡಂಕಣಾಚಾರಿಯರ ಕಥೆ ಹೊತ್ತುಕೊಂಡೇ ಪ್ರಸಿದ್ಧವಾಗಿದೆ. ಮುಂದೆ ನಾಗವಲ್ಲಿ. ಈ ಊರಿನ ಬೇಲಿ, ಮರಗಳಲ್ಲಿ ಕಾಡುಪಾಪ ಇದೆ. ದುಂಡು ಕಣ್ಣಿನ, ಕಡ್ಡಿಕಾಲಿನ, ರಾತ್ರಿ ಮಾತ್ರ ಓಡಾಡುವ ಪುಟ್ಟ ಪ್ರಾಣಿ. ಮರದಿಂದ ಮರಕ್ಕೆ ಕೊಂಬೆ ಹಿಡಿದೇ ದಾಟುವ ಇದಕ್ಕೆ ರಸ್ತೆಬದಿಯ ಸಾಲುಮರ ಕಡಿದರೆ ಊರೇ ಎರಡು ಹೋಳಾದಂತೆ. ಪ್ರಕೃತಿ ಆಸಕ್ತ ಶಿಕ್ಷಕರು, ಶಾಲಾ ಮಕ್ಕಳು ಇದನ್ನು ಗುರುತಿಸಿ, ಊರವರ ಮನವೊಲಿಸಿ ಉಳಿಸಿಕೊಂಡು ಬಂದಿದ್ದಾರೆ. ಟಾರ್ಚು ಹಿಡಿದು ಅದರ ಕಣ್ಣಿಗೇ ಬೆಳಕು ಬಿಡುವ ಪ್ರವಾಸಿ ಇಲ್ಲಿಗೆ ಬರದಿದ್ದರೇ ಒಳ್ಳೆಯದು.

ಕುಣಿಗಲ್ಲಿನ ಕೆರೆ ಜನಪದರ ಬಾಯಲ್ಲಿ ನಿಂತು ನಾಡಿಗೇ ಪರಿಚಿತ. ಪಟ್ಟಣಕ್ಕೆ ಅಂಟಿಕೊಂಡ 400ಕ್ಕೂ ಹೆಚ್ಚು ಎಕರೆಯ ಕುದುರೆ ಫಾರಂ ಟಿಪ್ಪುವಿನ ಕಾಲದ ಪರಂಪರೆಯದು. 1992ರಲ್ಲಿ ಮದ್ಯೋದ್ಯಮಿ ವಿಜಯ್ ಮಲ್ಯ ಅವರ ಸಂಸ್ಥೆ ಅದನ್ನು ಗುತ್ತಿಗೆಗೆ ಪಡೆಯಿತು. ಹಾಗಾಗಿ ಕುಣಿಗಲ್‌ಗೂ ಮದ್ಯದ ಹಣಕ್ಕೂ ನಂಟು ಬಿದ್ದದ್ದು ದ್ರಾಕ್ಷಿಯಿಂದಲ್ಲ, ಜೂಜಿನ ಕುದುರೆಯಿಂದ. ಪಟ್ಟಣದೊಳಗೇ ಉಳಿದಿರುವ ಅಷ್ಟು ದೊಡ್ಡ ಹಸಿರು ಬಯಲು ಯಾರ ಕೈಯಲ್ಲಿದ್ದರೂ ಹಸಿರಾಗಿಯೇ ಉಳಿಯಬೇಕು ಎನ್ನುವವರು ಊರಿನಲ್ಲಿದ್ದಾರೆ.

ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗರ ಗದ್ದುಗೆ, ಮಧ್ಯಾಹ್ನದ ದಾಸೋಹ. ಹತ್ತಿರದಲ್ಲೇ ಮಾರ್ಕೋನಹಳ್ಳಿ ಜಲಾಶಯದಲ್ಲಿ ಶಿಂಷೆಗೆ ಮೂರನೆಯ ಭೇಟಿ. ಮೈಸೂರು ಅರಸರ ಕಾಲದ ಈ ಅಣೆಕಟ್ಟೆಯಲ್ಲಿ ನೀರು ನಿಗದಿತ ಮಟ್ಟ ದಾಟಿದೊಡನೆ ತಾನೇ ಹೊರಹರಿಯುವ ಸೈಫನ್‌ಗಳಿವೆ. ಗೇಟು ಎತ್ತಲು ಯಾರೂ ಬೇಕಿಲ್ಲ. ನೋಡಲು ಅದ್ಭುತ, ಕೆಳಗೆ ಹೊಳೆಗಿಳಿದವರಿಗೆ ಅಪಾಯ. ನೀರು ಹೇಳಿ ಬರುವುದಿಲ್ಲ, ಒಮ್ಮೆಗೇ ನುಗ್ಗುತ್ತದೆ. ದಂಡೆಯಿಂದಲೇ ನೋಡಬೇಕು.

ದುರ್ಗಗಳ ಸರಪಳಿಯೂ ಕುಣಿಗಲ್‌ನಲ್ಲಿ ಮತ್ತೆ ಕೈಗೆ ಸಿಗುತ್ತದೆ. ಕೆಂಪೇಗೌಡರ ವಂಶದ ಕಾಲದ ಹುತ್ರಿದುರ್ಗ ಸುತ್ತು ಸುತ್ತಿನ ಕೋಟೆ, ಬಾಗಿಲು, ನೆತ್ತಿಯ ಶಂಕರೇಶ್ವರ ಗುಡಿಯೊಡನೆ ಒಂದು ಬೆಳಗಿನ ಚಾರಣಕ್ಕೆ ಹೇಳಿ ಮಾಡಿಸಿದ ಬೆಟ್ಟ. ನಂದಿಗೆ ಬರುವ ಜಂಗುಳಿಯ ಸಣ್ಣ ಪಾಲೂ ಇಲ್ಲಿಗೆ ಬರುವುದಿಲ್ಲ. ಬಂದವರು ಬಿಟ್ಟುಹೋದ ನೀರಿನ ಬಾಟಲಿಗಳು ಮಾತ್ರ ಮೆಟ್ಟಿಲುಗಳ ಸಂದಿಯಲ್ಲಿ ಕಾಣುತ್ತವೆ. ಮಾಕಳಿದುರ್ಗ, ಸ್ಕಂದಗಿರಿಗಳಿಗೆ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ಇಟ್ಟು ದಿನದ ಜನಸಂಖ್ಯೆಗೆ ಮಿತಿ ಹಾಕಿದೆ. ಜನ ಮುಗಿಬೀಳುವ ಮೊದಲೇ ಇಲ್ಲಿಗೂ ಅಂಥ ಮಿತಿ ಬಂದರೆ ಬೆಟ್ಟ ಬದುಕುತ್ತದೆ.

ಬಳ್ಳಿ ಬೇಡ, ಮೇಜು ಬೇಕು

ನಂದಿ ತಪ್ಪಲಿನಿಂದ ತುಮಕೂರು ಕಲಿಯಬೇಕಾದದ್ದು ದ್ರಾಕ್ಷಿ ಬೆಳೆಯುವುದನ್ನಲ್ಲ. ಬೆಳೆದವನ ಅಂಗಳಕ್ಕೆ ಗಿರಾಕಿಯನ್ನು ಕರೆತಂದು, ಕೂರಿಸಿ, ಕಥೆ ಹೇಳಿ, ರುಚಿ ತೋರಿಸಿ, ಅಲ್ಲೇ ಹಣ ಪಡೆಯುವ ಕಲೆಯನ್ನು. ಇದಕ್ಕೆ ಬೇಕಾದ ಸರಕು ಈ ಮೂರು ತಾಲ್ಲೂಕಿನಲ್ಲಿ ಆಗಲೇ ಇದೆ. ಹಲಸಿಗೆ ಹೊಸ ಕೊಳವೆಬಾವಿ ಬೇಡ. ತೆಂಗು ಹೇಗೂ ನಿಂತಿದೆ. ಬೆಟ್ಟ, ಕೆರೆ, ಕೋಟೆ, ಕಾಡುಪಾಪ ಯಾವುದನ್ನೂ ಹೊಸದಾಗಿ ಕಟ್ಟಬೇಕಿಲ್ಲ. 2014ರಲ್ಲಿ ವಸಂತನರಸಾಪುರದಲ್ಲಿ ದೊಡ್ಡ ಆಹಾರ ಪಾರ್ಕ್ ಉದ್ಘಾಟನೆಯಾಯಿತು. ಕಾರ್ಖಾನೆಯ ಆ ದಾರಿ ಒಂದು, ತೋಟದ ಅಂಗಳದ ಈ ದಾರಿ ಇನ್ನೊಂದು. ಎರಡನೆಯದಕ್ಕೆ ಇದುವರೆಗೆ ಯಾರೂ ರಿಬ್ಬನ್ ಕತ್ತರಿಸಿಲ್ಲ.

ಹೋಗುವವರಿಗೆ ಕಾರೇ ಬೇಕೆಂದಿಲ್ಲ. ಬೆಂಗಳೂರಿನಿಂದ ತುಮಕೂರು, ಗುಬ್ಬಿಗೆ ದಿನವಿಡೀ ರೈಲುಗಳಿವೆ. 2017ರಿಂದ ಹಾಸನದ ಹೊಸ ಮಾರ್ಗದಲ್ಲಿ ಕುಣಿಗಲ್‌ಗೂ ರೈಲು ಬಂದಿದೆ. ದೊಡ್ಡಬಳ್ಳಾಪುರ, ಮಾಕಳಿದುರ್ಗ ಎರಡೂ ಹಿಂದೂಪುರ ಮಾರ್ಗದ ನಿಲ್ದಾಣಗಳು. ವೈನ್ ರುಚಿ ನೋಡಿದವರು ಸ್ಟಿಯರಿಂಗ್ ಹಿಡಿಯಬಾರದು ಎಂಬ ಕಾರಣಕ್ಕಾದರೂ ರೈಲೇ ಲೇಸು. ಹಲಸು ಬೇಕಾದವರು ಮೇ, ಜೂನ್‌ನಲ್ಲಿ ಚೇಳೂರಿಗೆ ಹೋಗಲಿ. ಹಕ್ಕಿ ಬೇಕಾದವರು ಚಳಿಗಾಲದ ಬೆಳಗಿನಲ್ಲಿ ದೇವರಾಯನದುರ್ಗ ಹತ್ತಲಿ, ಬಾಟಲಿಯನ್ನು ಮನೆಯಿಂದಲೇ ಒಯ್ದು ಮನೆಗೇ ತರಲಿ, ಕೋತಿಗೆ ಏನನ್ನೂ ಕೊಡದಿರಲಿ. ತಿಂದದ್ದು, ಕೊಂಡದ್ದು ಸಾಧ್ಯವಾದಷ್ಟೂ ಬೆಳೆದವರ ಕೈಯಿಂದಲೇ ಇರಲಿ.

ಸರ್ಕಾರಕ್ಕೆ ಕೇಳಬೇಕಾದದ್ದೂ ದೊಡ್ಡದೇನಲ್ಲ. ದೇವರಾಯನದುರ್ಗಕ್ಕೆ ರಜಾದಿನಗಳಲ್ಲಿ ತುಮಕೂರು ರೈಲು ನಿಲ್ದಾಣದಿಂದ ಒಂದು ಬಸ್ಸು ಬಿಡಲಿ. ಹುತ್ರಿದುರ್ಗಕ್ಕೆ ದಿನಕ್ಕಿಷ್ಟೇ ಜನ ಎಂಬ ನಿಯಮ ಮಾಡಲಿ. ಮುಖ್ಯವಾಗಿ, ವೈನರಿಯ ಮೇಜಿನ ಮೇಲೆ ರುಚಿ ತೋರಿಸಲು ಕೊಟ್ಟಷ್ಟೇ ಸಲೀಸಾದ ಅನುಮತಿಯನ್ನು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ನೀರಾ ಇಳಿಸುವ ಗುಬ್ಬಿ, ಕುಣಿಗಲ್, ತುಮಕೂರಿನ ತೆಂಗು ಬೆಳೆಗಾರರಿಗೂ ತಮ್ಮ ತೋಟದಲ್ಲೇ ಪ್ರವಾಸಿಗೆ ಲೋಟ ನೀಡಲು ಅಬಕಾರಿ ಇಲಾಖೆ ಕೊಡಲಿ.